ಬಂಕಿನವನನ್ನು ಬೈಯುವ ಮೊದಲು ಫಿಲ್ಟರ್ ಬಿಚ್ಚಿ

ಚಳ್ಳಕೆರೆಯಲ್ಲಿ ಹಳೇ ಓಮ್ನಿ ಎಳೆಯದೆ ಹೋದರೆ ತೀರ್ಪು ಮೊದಲೇ ಸಿದ್ಧವಿರುತ್ತದೆ: "ಬಂಕಿನವನು ಕಲಬೆರಕೆ ಹಾಕ್ಯಾನೆ, ಫಿಲ್ಟರ್ ಕಟ್ಟೈತೆ." ಈಚೆಗೆ ಎಥೆನಾಲ್ ಎಂಬ ಇನ್ನೊಬ್ಬ ಆರೋಪಿಯೂ ಸೇರಿಕೊಂಡಿದ್ದಾನೆ. ಎರಡನ್ನೂ ಒಪ್ಪದವರು ಊರಿನ ಧೂಳನ್ನು ದೂರುತ್ತಾರೆ. ಇದರಲ್ಲಿ ಯಾವುದನ್ನೂ ಯಾರೂ ಕಣ್ಣಾರೆ ಕಂಡದ್ದಲ್ಲ. ಕಾಣಬೇಕಾದ ಸಾಕ್ಷ್ಯ ಗ್ಯಾರೇಜಿನ ಗುಜರಿ ಡಬ್ಬಿಗೆ ಬಿದ್ದಿರುತ್ತದೆ. ಕಾರ್ಬ್ಯುರೇಟರ್ ಇರುವ ಓಮ್ನಿಯ ಪೆಟ್ರೋಲ್ ಫಿಲ್ಟರನ್ನು ಮನೆಯಂಗಳದಲ್ಲೇ ಬದಲಾಯಿಸಿ ಎಂದು ನಾನು ಹೇಳುವುದು ಅದಕ್ಕೇ, ಕೂಲಿ ಉಳಿಸಲಿಕ್ಕಲ್ಲ. ಹಳೇ ಫಿಲ್ಟರ್ ನಿಮ್ಮ ಕೈಗೆ ಸಿಗಬೇಕು.

ಮೊದಲು ಕಲಬೆರಕೆಯ ಮಾತು. ಅದು ಸುಳ್ಳು ಅನ್ನುವ ಧೈರ್ಯ ನನಗಿಲ್ಲ. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ ಕಲಬೆರಕೆ ಬಂಕುಗಳ ಮೇಲೆ ಕ್ರಮಕ್ಕೆ ಹೋಗಿ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದರು. ಆದರೆ ಪೆಟ್ರೋಲಿಗೆ ಬೆರೆಸುವ ಸೀಮೆಎಣ್ಣೆ ಅದರಲ್ಲಿ ಪೂರಾ ಕರಗಿಹೋಗುತ್ತದೆ. ಫಿಲ್ಟರಿನ ಕಾಗದವನ್ನು ಸಲೀಸಾಗಿ ದಾಟಿ ಇಂಜಿನ್ನಿಗೆ ಹೋಗಿ ಅಲ್ಲಿ ಕೆಡಿಸುತ್ತದೆ. ಕಾಗದ ತಡೆಯುವುದು ಗಟ್ಟಿ ಕಸವನ್ನು ಮಾತ್ರ. ಹಾಗಾಗಿ ಕಟ್ಟಿಕೊಂಡ ಫಿಲ್ಟರನ್ನು ತೋರಿಸಿ ಸೀಮೆಎಣ್ಣೆಯ ದೂರು ಹೇಳಿದರೆ ಅದು ನಿಲ್ಲುವುದಿಲ್ಲ. ಅನುಮಾನವಿದ್ದರೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಕೇಳಿ. ಕೊಡುವುದು ಅವರ ಕರ್ತವ್ಯ, ದುಡ್ಡಿಲ್ಲ. ಒಂದು ಹನಿ ಬಿಟ್ಟು ಆರಲು ಬಿಡಿ, ಕಲೆ ಉಳಿಯಬಾರದು. ಸಾಂದ್ರತೆ ಅಳೆದು ತೋರಿಸಿ ಅಂತಲೂ ಕೇಳಬಹುದು. ದೂರುವವರಲ್ಲಿ ಎಷ್ಟು ಜನ ಕೇಳಿದ್ದಾರೆ?

ಧೂಳಿನ ವಾದ ಇನ್ನೂ ಸಡಿಲ. ಬಳ್ಳಾರಿ ರಸ್ತೆಯ ಧೂಳು ತಿನ್ನುವುದು ಏರ್ ಫಿಲ್ಟರ್. ಪೆಟ್ರೋಲ್ ಪೈಪಿಗೆ ಅದು ಬರಬೇಕಾದರೆ ನಾವೇ ದಾರಿ ಮಾಡಿಕೊಟ್ಟಿರಬೇಕು: ವಾಷರ್ ಹೋದ ಟ್ಯಾಂಕ್ ಮುಚ್ಚಳ, ಒರೆಸದ ಆಲಿಕೆ, ಹಳ್ಳಿ ಅಂಗಡಿಯ ಬಾಟ್ಲಿ ಪೆಟ್ರೋಲು.

ಎಥೆನಾಲ್ ವಿಷಯದಲ್ಲಿ ಜನರ ಮಾತು ಅರ್ಧ ಸರಿ. 2022ರಲ್ಲಿ ಶೇ 10 ಇದ್ದ ಮಿಶ್ರಣ 2025ರ ಹೊತ್ತಿಗೆ ಶೇ 20 ಮುಟ್ಟಿತು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನು ಸವೆಸುತ್ತದೆ, ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ ಕೊಳೆಯನ್ನು ಸಡಿಲಿಸುತ್ತದೆ. ಆದರೆ ಆ ಕೊಳೆ, ಆ ತುಕ್ಕು ಯಾರದ್ದು? ಓಮ್ನಿಯ ಟ್ಯಾಂಕ್ ಕಬ್ಬಿಣದ ತಗಡಿನದು. "ಇನ್ನೂರು ರೂಪಾಯಿಗೆ ಹಾಕಪ್ಪ" ಅನ್ನುತ್ತಾ ಸದಾ ರಿಸರ್ವ್‌ನಲ್ಲೇ ಓಡಿಸಿದರೆ ಟ್ಯಾಂಕಿನ ಮೇಲ್ಭಾಗ ಗಾಳಿಗೆ ಬಿಟ್ಟಂತೆಯೇ. ಗಾಳಿಯ ತೇವ ಒಳಗೆ ಹನಿಗಟ್ಟಿ ತುಕ್ಕು ಹಿಡಿಸುತ್ತದೆ.

ಈಗ ಬಿಚ್ಚುವ ಕೆಲಸ. ಇಂಜಿನ್ ತಣ್ಣಗಿರಲಿ, ಗಾಡಿ ಬಯಲಲ್ಲಿ ನಿಂತಿರಲಿ, ಬ್ಯಾಟರಿಯ ನೆಗೆಟಿವ್ ವೈರು ತೆಗೆದಿರಲಿ. ಬೀಡಿ, ಊದುಬತ್ತಿ, ಒಲೆ ಯಾವುದೂ ಹತ್ತಿರ ಬೇಡ. ಬರೀ ಜಾಕಿ ನಂಬಿ ಅಡಿಗೆ ನುಗ್ಗಬೇಡಿ. ಕೆಳಗೆ, ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಹಿಡಿಗಾತ್ರದ ಫಿಲ್ಟರ್ ಸಿಗುತ್ತದೆ. ಕ್ಲಿಪ್ ಸಡಿಲಿಸಿ, ಟ್ಯಾಂಕಿನ ಕಡೆಯ ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ, ಹನಿಗೆ ಸ್ಟೀಲ್ ಬಟ್ಟಲು ಹಿಡಿಯಿರಿ. ಹೊಸದರ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ಕ್ಲಿಪ್ ಹಳೇದು ಬೇಡ. ಚೆಲ್ಲಿದ ಪೆಟ್ರೋಲ್ ಆರಿದ ಮೇಲೆ ಸ್ಟಾರ್ಟ್ ಮಾಡಿ, ಜೋಡಿಸಿದ ಜಾಗ ಒದ್ದೆಯಾಗುತ್ತದೆಯೇ ಬೆರಳಲ್ಲಿ ಮುಟ್ಟಿ ನೋಡಿ.

ಹಳೇದನ್ನು, ಟ್ಯಾಂಕಿನ ಕಡೆಯ ಬಾಯಿ ಕೆಳಗೆ ಮಾಡಿ, ಬಿಳೀ ಪಿಂಗಾಣಿ ತಟ್ಟೆಗೆ ಬಡಿಯಿರಿ. ಕೆಂಪು ಪುಡಿ ಬಿದ್ದರೆ ಅದು ನಿಮ್ಮ ಟ್ಯಾಂಕಿನ ತುಕ್ಕು. ಕರೀ ಚೂರು ರಬ್ಬರ್ ಪೈಪಿನದು. ಬೆರಳಿಗೆ ಗರಗರ ಅನ್ನುವ ಮರಳಾದರೆ ಬಾಟ್ಲಿಯನ್ನೋ ಮುಚ್ಚಳವನ್ನೋ ಕೇಳಿ. ಪೆಟ್ರೋಲ್ ಹಾರಿದ ಮೇಲೂ ತಳದಲ್ಲಿ ಉರುಳಾಡುವ ಗುಂಡು ಹನಿ ನೀರಿನದು. ಅದೊಂದಕ್ಕೆ ಬಂಕಿನ ನೆಲದಡಿಯ ಟ್ಯಾಂಕನ್ನೂ ಅನುಮಾನಿಸಬಹುದು, ಅದೂ ಮಳೆ ಬಂದ ವಾರದಲ್ಲಿ.

ಇನ್ನು ಕಟ್ಟಿದ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿ ಮದ್ದು. "ಗಾಳಿ ಹೊಡೆಸಿದೆ, ಈಗ ಬಾಣದ ಹಂಗೆ ಓಡ್ತೈತೆ" ಅನ್ನುವವರಿದ್ದಾರೆ. ಓಡದೆ ಏನು? ಒತ್ತಡಕ್ಕೆ ಒಳಗಿನ ಕಾಗದ ಹರಿದಿದ್ದರೆ ಅಡ್ಡಿಯೇ ಉಳಿದಿರುವುದಿಲ್ಲ. ಕಸ ನೇರ ಕಾರ್ಬ್ಯುರೇಟರಿನ ಜೆಟ್ಟಿಗೆ ಹೋಗಿ ಕೂರುತ್ತದೆ. ಫಿಲ್ಟರನ್ನೇ ಕಿತ್ತು ಪೈಪ್ ಜೋಡಿಸಿದರೂ ಹೀಗೇ ಓಡುತ್ತದೆ. ಇಂಥ ರಿಪೇರಿಗೆ ಸಿಗುವ ಶಹಬ್ಬಾಸ್‌ಗಿರಿ ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಯಕನಹಟ್ಟಿ ಜಾತ್ರೆಗೆ ಎಂಟು ಜನರನ್ನು ತುಂಬಿ ಹೊರಟಾಗ ಗಾಡಿ ಮತ್ತೆ ಜರ್ಕ್ ಹೊಡೆದರೆ ಬೈಗುಳ ಮಾತ್ರ ಬಂಕಿನವನಿಗೇ. ನಿಂತಲ್ಲಿ ಆಡುವಾಗ ಇಂಜಿನ್ನಿಗೆ ಚೂರೇ ಪೆಟ್ರೋಲ್ ಸಾಕು. ಕೊರತೆ ಗೊತ್ತಾಗುವುದು ಭಾರ ಹೊತ್ತು ಏರು ಹತ್ತುವಾಗ.

ಎಂಪಿಎಫ್‌ಐ (ಇಂಜೆಕ್ಷನ್) ಓಮ್ನಿಗೆ, ಈಕೋಗೆ ಮನೆಯಲ್ಲೇ ಬಿಚ್ಚುವ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಪೈಪಿನಲ್ಲಿ ಒತ್ತಡವಿರುತ್ತದೆ, ಕ್ಲಿಪ್ ತೆಗೆದರೆ ಪೆಟ್ರೋಲ್ ಚಿಮ್ಮುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಯೂ ಬೇಡ. ಅವನ್ನು ಗ್ಯಾರೇಜಿಗೇ ಕೊಡಿ, ಆದರೆ ಎದುರು ನಿಂತು ಹಳೇ ಫಿಲ್ಟರ್ ಇಸ್ಕೊಳ್ಳಿ. ಹಳೇ ಟ್ಯಾಂಕಿನ ಗಾಡಿಯಲ್ಲಿ ಮೊದಲ ಹೊಸ ಫಿಲ್ಟರ್ ಬೇಗ ಕಟ್ಟುವುದು ಸಹಜ, ಎರಡನೆಯದನ್ನು ತಂದಿಟ್ಟುಕೊಂಡಿರಿ. ಅದರಲ್ಲೂ ತಟ್ಟೆ ತುಂಬ ಕೆಂಪು ಪುಡಿ ಉದುರಿದರೆ ಮೂರನೆಯದಕ್ಕೆ ದುಡ್ಡು ಹಾಕಬೇಡಿ, ಟ್ಯಾಂಕ್ ಇಳಿಸಿ ತೊಳೆಸಿ.