ಅಂತರದ ಆಟ: ರಸಿಕರಿಗೊಂದು ಕೈಪಿಡಿ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ನದಿಯ ಉತ್ತರ ತೀರದಲ್ಲಿ, ಹಿಂದೆ ಹಡಗುಗಳನ್ನು ಕಟ್ಟುತ್ತಿದ್ದ ನೆಲದ ಮೇಲೆ ಇಂದು ಚಾಲ್ಮರ್ಸ್ ವಿಶ್ವವಿದ್ಯಾನಿಲಯದ ಪ್ರಾಂಗಣವನ್ನೂ ತಂತ್ರಜ್ಞಾನದ ಕಚೇರಿಗಳನ್ನೂ ಹೊತ್ತು ನಿಂತಿರುವ ಲಿಂಡ್‌ಹೋಲ್ಮೆನ್‌ಗೆ ಉದ್ಯೋಗನಿಮಿತ್ತ ಹೋದ ಕನ್ನಡಿಗನು, ಚಳಿಗಾಲದ ದೀರ್ಘ ಸಂಜೆಗಳಲ್ಲಿ ಗೆಳೆಯರೊಡನೆ ಲೀಗ್ ಆಫ್ ಲೆಜೆಂಡ್ಸ್ ಎಂಬ ವಿಡಿಯೋ ಆಟದ ಪಂದ್ಯವನ್ನು ನೋಡಲು ಕುಳಿತರೆ, ಮೊದಲಿಗೆ ಕಾಣುವುದು ಬಣ್ಣಗಳ ಗೊಂದಲವೊಂದೇ. ಈ ಆಟದ ಪ್ರಥಮ ವಿಶ್ವಪಂದ್ಯ ನಡೆದದ್ದು ಆ ದೇಶದಲ್ಲಿಯೇ, 2011ರ ಜೂನ್‌ನಲ್ಲಿ, ಯೋನ್‌ಶೋಪಿಂಗ್‌ನ ಡ್ರೀಮ್‌ಹ್ಯಾಕ್ ಉತ್ಸವದಲ್ಲಿ. ಗೆದ್ದದ್ದು ಫ್ನ್ಯಾಟಿಕ್ ತಂಡ. ಹೊಸ ಪ್ರೇಕ್ಷಕನು ಇಡೀ ರಣರಂಗವನ್ನು ಒಮ್ಮೆಗೇ ಗ್ರಹಿಸಲು ಹೆಣಗದೆ, ಸಾಮಾನ್ಯವಾಗಿ ಒಬ್ಬನಿಗೆ ಒಬ್ಬನೇ ಎದುರಾಗಿ ನಿಲ್ಲುವ ಟಾಪ್ ಲೇನಿನಿಂದ ಆರಂಭಿಸುವುದು ಮೇಲು.

ಅಲ್ಲಿ ಒಂದೆಡೆ ದೂರದಿಂದ ಹೊಡೆಯುವ ಟೀಮೋ, ಇನ್ನೊಂದೆಡೆ ಕೊಡಲಿ ಹಿಡಿದ ಡೇರಿಯಸ್ ಎಂಬ ಪಾತ್ರಗಳು ಇದ್ದಾರೆಂದು ಭಾವಿಸೋಣ. ಆಟದ ಅಳತೆಯಲ್ಲಿ ಟೀಮೋವಿನ ಹೊಡೆತದ ದೂರ 500, ಡೇರಿಯಸ್ಸನದು 175. ಈ ವ್ಯತ್ಯಾಸವಷ್ಟೇ ಗೆಲುವನ್ನು ತಂದುಕೊಡುವುದಾದರೆ ನೋಡತಕ್ಕದ್ದೇನೂ ಉಳಿಯುತ್ತಿರಲಿಲ್ಲ. ಸಾಯುವ ಹಂತದ ಮಿನಿಯನ್ನಿಗೆ, ಎಂದರೆ ಎದುರು ತಂಡದ ಪರವಾಗಿ ತಾನಾಗಿಯೇ ನಡೆದುಬರುವ ಪುಟ್ಟ ಸೈನಿಕನಿಗೆ, ಕೊನೆಯ ಪೆಟ್ಟು ಕೊಟ್ಟವನಿಗೆ ಚಿನ್ನ. ಆ ಚಿನ್ನಕ್ಕಾಗಿ ಡೇರಿಯಸ್ ಮುಂದೆ ಹೆಜ್ಜೆಯಿಟ್ಟು ಕೊಡಲಿ ಎತ್ತುವ ಕ್ಷಣದಲ್ಲಿಯೇ ಟೀಮೋವಿನ ಬಾಣ ಬಂದು ತಾಗಬೇಕು. ಚಿನ್ನವೋ ಪ್ರಾಣವೋ ಎಂಬ ಆಯ್ಕೆಯನ್ನು ಎದುರಾಳಿಯ ಮೇಲೆ ಮತ್ತೆ ಮತ್ತೆ ಹೇರುವುದೇ ದೂರದಿಂದ ಕಾಡುವ ಈ ಕಲೆಯ ಜೀವಾಳ. ಆದುದರಿಂದ ರಸಿಕನ ದೃಷ್ಟಿ ಬಾಣದ ಮೇಲಲ್ಲ, ನಡುವಣ ನೆಲದ ಮೇಲೆ ಇರತಕ್ಕದ್ದು.

ದೂರಕ್ಕೂ ಬೆಲೆಯುಂಟು. ಎದುರಾಳಿಯನ್ನು ಹೊಡೆದೊಡನೆ ಅವನ ಮಿನಿಯನ್ನುಗಳೆಲ್ಲ ಟೀಮೋವಿನ ಮೇಲೆ ತಿರುಗಿ ಬೀಳುತ್ತವೆ. ನುರಿತವನು ಹೊಡೆದು ಪಕ್ಕದ ಪೊದೆಯೊಳಕ್ಕೆ ಸರಿದು ಅವುಗಳ ಕಣ್ಣು ತಪ್ಪಿಸುತ್ತಾನೆ. ಉತ್ಸಾಹದಲ್ಲಿ ಮಿನಿಯನ್ನುಗಳ ಅಲೆಯನ್ನು ಮುಂದೆ ತಳ್ಳಿಬಿಟ್ಟರೆ ತನ್ನನ್ನು ಕಾಯುವ ಟವರ್ ಹಿಂದುಳಿದು, ಲೇನುಗಳ ನಡುವಣ ಕಾಡಿನಲ್ಲಿ ಅಲೆಯುವ ಎದುರು ತಂಡದ ಜಂಗ್ಲರ್ ಬೆನ್ನ ಹಿಂದಿನಿಂದ ಬರುವ ಭಯ. ಇನ್ನು ಡೇರಿಯಸ್, ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಅಂಕಣದೊಳಕ್ಕೆ ಬಿಟ್ಟುಕೊಂಡು ಹಿಡಿಯುವವರಂತೆ, ತಾಳ್ಮೆಯಿಂದ ಕಾಯುತ್ತಾನೆ: ಅವನ ಕೊಡಲಿಯ ಸೆಳೆತ 535ರವರೆಗೆ ಚಾಚಬಲ್ಲುದು. ಒಮ್ಮೆ ಸಿಕ್ಕಿಬಿದ್ದರೆ, ಐದು ಪೆಟ್ಟುಗಳವರೆಗೆ ಏರುತ್ತ ಹೋಗುವ ರಕ್ತಸ್ರಾವದಿಂದ ಟೀಮೋವಿನಂಥ ಮೃದುದೇಹಿ ಉಳಿಯುವುದು ದುಸ್ಸಾಧ್ಯ. ಆ ಸೆಳೆತ ಗುರಿ ತಪ್ಪಿತೋ, ಆಟದ ಆರಂಭದಲ್ಲಿ ಅದು ಪುನಃ ಸಿದ್ಧವಾಗಲು 20 ಸೆಕೆಂಡುಗಳಿಗೂ ಮಿಕ್ಕಿ ಕಾಲ ಬೇಕು. ಅಷ್ಟುಹೊತ್ತು ಹಿಂಜರಿದು ಆಡುತ್ತಿದ್ದ ಟೀಮೋ ಆಗ ಒಮ್ಮೆಗೇ ಮುನ್ನುಗ್ಗುವುದನ್ನು ಕಾಣಬಹುದು. ಈ ತಿರುವನ್ನು ಗುರುತಿಸಿದವನು ಆಟವನ್ನು ಅರ್ಧ ಅರಿತಂತೆಯೇ.

ಉಳಿದರ್ಧ ಲೆಕ್ಕದ್ದು. ವಧೆಗಳ ಸಂಖ್ಯೆ ಸೊನ್ನೆಯಾಗಿದ್ದರೂ ನಿರಾಶರಾಗಬೇಡಿರಿ. ಹತ್ತನೆಯ ನಿಮಿಷದಲ್ಲಿ ಇಬ್ಬರೂ ಕೊಂದ ಮಿನಿಯನ್ನುಗಳ ಸಂಖ್ಯೆಯನ್ನು ಹೋಲಿಸಿ ನೋಡಿರಿ. ಡೇರಿಯಸ್ ಬಹಳ ಹಿಂದುಳಿದಿದ್ದರೆ, ಟೀಮೋ ಅವನನ್ನು ಒಮ್ಮೆಯೂ ಕೊಲ್ಲದೆ ಲೇನನ್ನು ಗೆದ್ದಿದ್ದಾನೆ. ಚಪ್ಪಾಳೆ ಅದಕ್ಕೆ ಸಲ್ಲಬೇಕು.