ತೊಟ್ಟಿಲಿನ ಹೊಸ ಹೆಸರುಗಳು

ಗಂಗರ ಕಾಲದಿಂದ ಶಿಲ್ಪಪರಂಪರೆ ನಡೆದುಬಂದಿದೆಯೆಂದು ಹೇಳಲಾಗುವ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, ವಿಷ್ಣುವಿನ ವಿಗ್ರಹವೊಂದನ್ನು ಕಡೆದುಕೊಡಬೇಕೆಂದು ಯಾರಾದರೂ ಕೇಳಿದರೆ, ಶಿಲ್ಪಿಯು ಉಳಿ ಹಿಡಿಯುವುದಕ್ಕೆ ಮುನ್ನ ಅದು ಯಾವ ಹೆಸರಿನ ವಿಷ್ಣುವೆಂಬುದು ನಿಶ್ಚಯವಾಗಬೇಕು. ಏಕೆಂದರೆ ಶಂಖ, ಚಕ್ರ, ಗದೆ, ಪದ್ಮಗಳು ನಾಲ್ಕು ಕೈಗಳಲ್ಲಿ ನೆಲೆ ಬದಲಿಸಿದಂತೆಲ್ಲ ಮೂರ್ತಿಯ ಹೆಸರೂ ಬದಲಾಗಿ, ಕೇಶವ, ನಾರಾಯಣ, ಮಾಧವ ಮೊದಲಾದ 24 ಮೂರ್ತಿಗಳಾಗುತ್ತವೆಂಬುದು ಶಾಸ್ತ್ರ. ಇಟ್ಟ ಹೆಸರಿಗೆ ಇಂತಹುದೇ ಕಾರಣವೆಂದು ಬೆರಳಿಟ್ಟು ತೋರಿಸಬಹುದಾದ ಈ ಊರಿನಲ್ಲಿಯೂ, ಸುತ್ತಣ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿಯೂ, ಇಂದು ತೊಟ್ಟಿಲುಶಾಸ್ತ್ರದ ದಿನ ಕೇಳಿಬರುವ ಹೆಸರುಗಳು ಆರವ್, ರೆಯಾಂಶ್, ಅದ್ವಿಕ್, ಸಾನ್ವಿ, ಆದ್ಯಾ ಎಂಬಿವು. ಯಾರಿಗೂ ಇಲ್ಲದ ಹೆಸರು ಬೇಕೆಂದು ಹುಡುಕಿ, ಎಲ್ಲರೂ ಹುಡುಕುವ ಪಟ್ಟಿಯಿಂದಲೇ ಆರಿಸಿ ತಂದ ಈ ಹೆಸರುಗಳ ಗುಣದೋಷಗಳನ್ನು ಸಮಾಧಾನದಿಂದ ವಿಚಾರಿಸಿ ನೋಡುವುದು ಯುಕ್ತ.

ಮೊದಲು ಗುಣವನ್ನು ಹೇಳಬೇಕು. ಪಾರಸ್ಕರ ಗೃಹ್ಯಸೂತ್ರವು ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದಾಗಿರಬೇಕೆಂದೂ, ಘೋಷವರ್ಣದಿಂದ ಮೊದಲಾಗಿ ನಡುವೆ ಯ, ರ, ಲ, ವಗಳಲ್ಲೊಂದನ್ನು ಹೊಂದಿರಬೇಕೆಂದೂ ವಿಧಿಸುತ್ತದೆ; ಹೆಣ್ಣುಮಗುವಿನ ಹೆಸರು ಸುಲಭೋಚ್ಚಾರಣೆಯದಾಗಿ, ಕಿವಿಗೆ ಇಂಪಾಗಿ, ದೀರ್ಘಸ್ವರದಲ್ಲಿ ಮುಗಿಯಬೇಕೆಂದು ಮನುಸ್ಮೃತಿಯ ಮತ. ಹೆಸರಿನ ನಾದವನ್ನು ಕುರಿತ ಈ ಪ್ರಾಚೀನ ಅಪೇಕ್ಷೆ ಹೊಸ ಹೆಸರುಗಳಲ್ಲಿ ಬಹುಮಟ್ಟಿಗೆ ಈಡೇರಿದೆಯೆಂಬುದನ್ನು ಒಪ್ಪಬೇಕು. ಅವು ಚಿಕ್ಕವು, ಮೃದುವಾದವು, ದೂರದ ಊರಿನವರ ನಾಲಗೆಯ ಮೇಲೂ ತೊಡಕಿಲ್ಲದೆ ನಿಲ್ಲುವಂತಹವು.

ಇದಕ್ಕಿಂತ ದೊಡ್ಡ ಗುಣ ಇನ್ನೊಂದುಂಟು. ಅದೇ ಮನುಸ್ಮೃತಿಯು, ಬ್ರಾಹ್ಮಣನ ಹೆಸರು ಮಂಗಳವನ್ನೂ ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕೆಂದು ಹೇಳಿ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಹುದಾಗಿರಲೆಂದು ಸಂಕೋಚವಿಲ್ಲದೆ ವಿಧಿಸಿದೆ. ಈ ವಿಧಿಯನ್ನು ಓದದವರೂ ಅದನ್ನು ಆಚರಿಸಿದರು. 2011ರ ಜನಗಣತಿಯಂತೆ ನೂರಕ್ಕೆ ಸುಮಾರು 30 ಮಂದಿ ಪರಿಶಿಷ್ಟ ಜಾತಿಗಳಿಗೆ ಸೇರಿದ ಈ ಕೋಲಾರ ಜಿಲ್ಲೆಯಲ್ಲಿ, ಒಂದೇ ಮುನೇಶ್ವರನ ಹರಕೆಯಿಂದ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಊರೊಳಗಿನವನು ಮುನಿಯಪ್ಪನಾಗಿಯೂ ಕೇರಿಯವನು ಮುನಿಗನಾಗಿಯೂ ಬೆಳೆದುದನ್ನು ಹಿರಿಯರು ಬಲ್ಲರು. ಅಪ್ಪ ಎಂಬ ಎರಡಕ್ಷರ ಕೂಡ ಕೆಲವರಿಗೆ ದಾನವಾಗಿ ದೊರೆಯಬೇಕಾಗಿದ್ದ ಕಾಲವದು. ಕೂಲಿಯವನ ಮಗನನ್ನೂ ಜಮೀನುದಾರನ ಮಗನನ್ನೂ ಒಂದೇ ಬೆಂಚಿನಲ್ಲಿ ಅದ್ವಿಕ್ ಎಂದೇ ಹಾಜರಿ ಕೂಗುವ ಉಪಾಧ್ಯಾಯರಿಗೆ ಹೆಸರಿನಿಂದ ಜಾತಿ ತಿಳಿಯದಿರುವುದು ಸಣ್ಣ ಲಾಭವಲ್ಲ. ಹಳೆಯ ಹೆಸರುಗಳೆಲ್ಲ ಹೋದುವಲ್ಲಾ ಎಂದು ಮರುಗುವ ನಾವು, ಅವುಗಳಲ್ಲಿ ಕೆಲವು ಯಾರ ಬೆನ್ನಿನ ಮೇಲೆ ಭಾರವಾಗಿ ಕೂತಿದ್ದುವೆಂಬುದನ್ನು ನೆನೆಯದೆ ಮರುಗುವುದು ಅನ್ಯಾಯ.

ಇನ್ನು ದೋಷ. ಕನ್ನಡದ ಹೆಸರು ಸ್ವರದಲ್ಲಿ ಮುಗಿಯುವುದರಿಂದ ಮನುಷ್ಯನ ವಯಸ್ಸಿನೊಡನೆ ತಾನೂ ಬೆಳೆಯುತ್ತದೆ. ತೊಟ್ಟಿಲಲ್ಲಿ ರಾಮು, ಓರಗೆಯವರಿಗೆ ರಾಮ, ಕಿರಿಯರಿಗೆ ರಾಮಣ್ಣ, ನರೆತ ಮೇಲೆ ರಾಮಪ್ಪ ಅಥವಾ ರಾಮಯ್ಯ: ಬಂಧುತ್ವವೂ ಗೌರವವೂ ಬಂದು ಸೇರಿಕೊಳ್ಳುವುದಕ್ಕೆ ಕೊನೆಯ ಆ ಸ್ವರದಲ್ಲಿ ಎಡೆಯುಂಟು. ಉತ್ತರದ ಉಚ್ಚಾರಣೆಯನ್ನು ಅನುಸರಿಸಿ ಕೊನೆಯ ಸ್ವರವನ್ನು ಕತ್ತರಿಸಿದ ಆರವ್, ರೆಯಾಂಶ್‌ಗಳಿಗೆ ಈ ಎಡೆಯಿಲ್ಲ. ‘ರಾಮನಿಗೆ ಕೊಡು’ ಎನ್ನುವಾಗ ವಿಭಕ್ತಿಯು ಹೆಸರಿನ ಮೈಯೊಳಗಿಂದ ಚಿಗುರಿದಂತೆ ಬರುವುದು; ‘ರೆಯಾಂಶ್‌ಗೆ ಕೊಡು’ ಎನ್ನುವಾಗ ಅದು ಹೊರಗಿನಿಂದ ಅಂಟಿಸಿದಂತಾಗುವುದು. ಹೊಲದ ಆ ಬದಿಯಲ್ಲಿರುವ ಮಗುವನ್ನು ಅಜ್ಜಿಯೊಬ್ಬಳು ಕೂಗಿ ಕರೆಯುವಾಗ ಎಳೆಯಬೇಕಾದ ಸ್ವರವೇ ಹೆಸರಿನಲ್ಲಿಲ್ಲವಾಗಿ, ಅವಳು ಹಲವೇಳೆ ‘ಪುಟ್ಟಾ’ ಎಂದೇ ಕೂಗಿಕೊಳ್ಳುತ್ತಾಳೆ. ನಾಮಕರಣದ ಹೆಸರು ಶಾಲೆಯ ದಾಖಲೆಗಷ್ಟೇ ಉಳಿಯುತ್ತದೆ.

ಅರ್ಥದ ವಿಷಯದಲ್ಲಿ ಆಗುವ ಅನಾಹುತವನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಆರವವೆಂದರೆ ಸಂಸ್ಕೃತದಲ್ಲಿ ಕೂಗು, ಶಬ್ದ. ಪಟ್ಟಿಗಳಲ್ಲಿ ಅದಕ್ಕೆ ಶಾಂತಸ್ವಭಾವವೆಂದು ಬರೆದಿರುತ್ತದೆ. ಜಾತಕದ ಅಕ್ಷರವನ್ನು ನಂಬಿದವರ ಕಷ್ಟವೂ ಬೇರೆಯ ಬಗೆಯದು: 27 ನಕ್ಷತ್ರಗಳ ನಾಲ್ಕು ನಾಲ್ಕು ಪಾದಗಳಿಗೆ ಹಂಚಿದ 108 ಅಕ್ಷರಗಳಲ್ಲಿ ಆರ್ದ್ರಾ ನಕ್ಷತ್ರದ ಪಾದವೊಂದಕ್ಕೆ ಙ ಎಂಬ ಅಕ್ಷರ ಬರುತ್ತದೆ, ಅದರಿಂದ ಮೊದಲಾಗುವ ಹೆಸರು ಕನ್ನಡದ ತೊಟ್ಟಿಲಿಗೆ ದೊರೆಯದು.

ಹಾಗಾದರೆ ಅಪೂರ್ವವಾದ ಹೆಸರನ್ನು ಇಡಲೇಬಾರದೆ? ಅವಶ್ಯವಾಗಿ ಇಡಬಹುದು. ಮುಳಬಾಗಿಲು ತಾಲ್ಲೂಕಿನ ಆವಣಿಯು ವಾಲ್ಮೀಕಿಯ ಆಶ್ರಮವಿದ್ದ ಸ್ಥಳವೆಂದೂ, ಸೀತಾದೇವಿಯು ಅವಳಿಮಕ್ಕಳನ್ನು ಹೆತ್ತುದು ಅಲ್ಲಿಯೇ ಎಂದೂ ಈ ಸೀಮೆಯ ಐತಿಹ್ಯ. ರಘುವಂಶದ ಕುಮಾರರಿಗೆ ಪೂರ್ವಜರ ಹೆಸರುಗಳೇನು ಕಡಮೆಯಿದ್ದುವೆ? ಆದರೆ ಋಷಿಯು ರಕ್ಷೆಗಾಗಿ ಮಂತ್ರಿಸಿದ ದರ್ಭೆಯ ತುದಿಯಿಂದ ಒಬ್ಬನನ್ನೂ ಬುಡದಿಂದ ಇನ್ನೊಬ್ಬನನ್ನೂ ಒರಸಿದುದರಿಂದ ಅವರು ಕುಶ, ಲವರಾದರೆಂದು ರಾಮಾಯಣದ ಉತ್ತರಕಾಂಡ ಹೇಳುತ್ತದೆ. ಇಂದಿನವರು ಬಯಸುವಷ್ಟೇ ಹ್ರಸ್ವವೂ ನೂತನವೂ ಆದ ಈ ಹೆಸರುಗಳು, ಕಾಡಿನಲ್ಲಿ ತಂದೆಯಿಲ್ಲದೆ ಹುಟ್ಟಿದ ಮಕ್ಕಳ ಆ ಒಂದು ರಾತ್ರಿಯ ಕಥೆಯನ್ನು ತಮ್ಮಲ್ಲಿ ಇರಿಸಿಕೊಂಡಿವೆ. ನಮ್ಮ ಕಾಲಕ್ಕೆ ಬಂದರೆ, ಪುಟ್ಟಪ್ಪನೆಂಬ ಸಾದಾ ಹೆಸರಿನ ಕುವೆಂಪು ತಮ್ಮ ಮಕ್ಕಳನ್ನು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಕರೆದರು. 1938ರಲ್ಲಿ ಹುಟ್ಟಿದ ಮೊದಲ ಮಗನ ಹೆಸರು ಅಂದಿನ ಕಿವಿಗಳಿಗೆ ಎಷ್ಟು ಹೊಸದಾಗಿ ಕೇಳಿಸಿರಬೇಕು! ಅದು ಫ್ಯಾಷನ್ನಿನಿಂದ ಬಂದ ಹೊಸತನವಲ್ಲ, ಆ ಮನೆಯ ಕಾವ್ಯದಿಂದಲೇ ಒಡಮೂಡಿದುದು. ಬಿಡದಿಯ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಜನರು ಮಕ್ಕಳಿಗೆ ಗೂಗಲ್, ಕಾಫಿ, ಹೈಕೋರ್ಟ್ ಎಂದು ಹೆಸರಿಟ್ಟುದು ಪತ್ರಿಕೆಗಳಿಗೆ ವಿನೋದದ ಸುದ್ದಿಯಾಯಿತು. ನನಗಾದರೋ ಅದರಲ್ಲಿ ನಗತಕ್ಕುದೇನೂ ಕಾಣದು. ತಾವು ಕಂಡು ಬೆರಗಾದುದನ್ನು ಮಗುವಿಗೆ ಕೊಟ್ಟವರು ಅವರು.

ಈ ಸೀಮೆಯಲ್ಲಿ ಹೆಸರಿಗೆ ಬರವಿಲ್ಲ. ಚಿಕ್ಕತಿರುಪತಿಯ ವೆಂಕಟರಮಣನೂ ಕೋಲಾರಮ್ಮನೂ ಮನೆಮನೆಗೆ ಕೊಟ್ಟ ಹೆಸರುಗಳಿರಲಿ. ಇದೇ ಮಾಲೂರು ತಾಲ್ಲೂಕಿನ ವೆಂಕಟೇಶ ಅಯ್ಯಂಗಾರ್ಯರನ್ನು ಕನ್ನಡ ನಾಡು ಕರೆದುದು ಮಾಸ್ತಿ ಎಂಬ ಊರಿನ ಹೆಸರಿನಿಂದಲೇ. ಹೆಸರಿನ ಹಿಂದೆ ಊರನ್ನು ನಿಲ್ಲಿಸುವ ಆ ಪದ್ಧತಿ ಸಡಿಲುತ್ತಿರುವಾಗ, ಹೆಸರಿನೊಳಗಾದರೂ ಈ ನೆಲದ ಗುರುತೊಂದು ಉಳಿಯಲೆಂಬುದು ನನ್ನ ಆಸೆ. ಅದು ಜಾತಿಯ ಗುರುತಾಗಬೇಕಾಗಿಲ್ಲ, ಬೆಟ್ಟದ, ಕೆರೆಯ, ಮಳೆಯ ಗುರುತಾಗಬಹುದು.

ಆತುರಪಡುವುದಕ್ಕೆ ಕಾರಣವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ 14ನೆಯ ಪ್ರಕರಣದಂತೆ ಹೆಸರಿಲ್ಲದೆಯೇ ಮಗುವಿನ ಜನನವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದ 2023ರ ಅಕ್ಟೋಬರಿನಿಂದೀಚೆಗೆ ಜನನ ಪ್ರಮಾಣಪತ್ರಕ್ಕೆ ಬಂದಿರುವ ಮಹತ್ವವನ್ನು ನೋಡಿದರೆ, ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿ ಮೊಬೈಲಿನಿಂದ ಆರಿಸಿ ಬರೆಸಿದ ಹೆಸರಿಗಿಂತ, ಕೆಲವು ತಿಂಗಳು ಮನೆಯಲ್ಲಿ ಕರೆದು, ಅಜ್ಜಿಯ ಬಾಯಿಗೂ ನೆರೆಯವರ ಬಾಯಿಗೂ ಒಗ್ಗಿದ ಹೆಸರನ್ನು ದಾಖಲೆಗೆ ಸೇರಿಸುವುದು ಲೇಸು.