ಹನೋಯ್‌ನ ಧ್ವನಿಮುದ್ರಣ ಮತ್ತು ಒಂದು ಬಹಿರಂಗ ಪತ್ರ

ಯುದ್ಧವಿರೋಧಿ ಗಾಯಕಿ ಜೋನ್ ಬಯೆಜ್ 1972ರ ಡಿಸೆಂಬರ್‌ನಲ್ಲಿ ಹನೋಯ್‌ಗೆ ಹೋದದ್ದು ಅಮೆರಿಕನ್ ಯುದ್ಧಕೈದಿಗಳಿಗೆ ಕ್ರಿಸ್ಮಸ್ ಅಂಚೆ ತಲುಪಿಸಲು. ಅಷ್ಟರಲ್ಲಿ ಬಿ-52 ವಿಮಾನಗಳು ಬಾಂಬು ಸುರಿಯತೊಡಗಿದವು. ಅವರ ಬಳಿ ಟೇಪ್ ರೆಕಾರ್ಡರ್ ಇತ್ತು. 1973ರ 'ವೇರ್ ಆರ್ ಯೂ ನೌ, ಮೈ ಸನ್?' ಆಲ್ಬಮ್ಮಿನ ಎರಡನೇ ಬದಿಯ ತುಂಬ ಒಂದೇ ರಚನೆ: ಸೈರನ್, ಸ್ಫೋಟ, ಮಗನನ್ನು ಕರೆಯುವ ತಾಯಿಯ ಕೂಗು. ಸುಮಾರು 22 ನಿಮಿಷ ಸಾಗುವ ಅದನ್ನು ಹಾಡೆನ್ನುವುದು ಕಷ್ಟ. ಬಯೆಜ್‌ರ ಮಾತುಗಳು ಕೆಲವೆಡೆ ಎಳೆದಂತಾಗುತ್ತವೆ. ಆ ತಾಯಿಯ ದನಿ ಮಾತ್ರ ಕಿವಿಬಿಟ್ಟು ಹೋಗುವುದಿಲ್ಲ.

1979ರ ಮೇಯಲ್ಲಿ ಇದೇ ಗಾಯಕಿ ವಿಯೆಟ್ನಾಂ ಸರಕಾರಕ್ಕೆ ಬಹಿರಂಗ ಪತ್ರ ಬರೆದು ಅಮೆರಿಕದ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಮರುಶಿಕ್ಷಣ ಶಿಬಿರಗಳ ಹಿಂಸೆಯನ್ನು ದೇಶ ಬಿಟ್ಟು ಬಂದವರ ಬಾಯಿಂದಲೇ ಅವರು ಕೇಳಿದ್ದರು. ಹಳೆಯ ಸಂಗಾತಿಗಳಲ್ಲಿ ಹಲವರು ಕೆರಳಿದರು. ಜೇನ್ ಫೋಂಡಾ ಸಹಿ ಹಾಕಲಿಲ್ಲ. ಇಂಥ ಪತ್ರ ಯುದ್ಧಕೋರರಿಗೆ ಆಯುಧವಾಗುತ್ತದೆಂಬ ಆತಂಕ ಸುಳ್ಳೇನಲ್ಲ. ಆದರೆ ಬಾಂಬಿಗೆ ಸಿಕ್ಕವರ ಕಣ್ಣೀರು ಸಾಕ್ಷಿಯಾದರೆ, ಸೆರೆಗೆ ಸಿಕ್ಕವರ ಕಣ್ಣೀರು ಅಪಪ್ರಚಾರವಾಗುವುದು ಹೇಗೆ? ಅಮೆರಿಕದ ಯುದ್ಧ ಸರಿಯಿತ್ತೆಂದು ಬಯೆಜ್ ಹೇಳಿರಲಿಲ್ಲವಲ್ಲ!

ಆ ಜುಲೈಯಲ್ಲಿ ವಾಷಿಂಗ್ಟನ್‌ನಲ್ಲಿ ದೋಣಿ ನಿರಾಶ್ರಿತರಿಗಾಗಿ ಹಾಡಿ, ಜನರೊಂದಿಗೆ ಶ್ವೇತಭವನದತ್ತ ನಡೆದರು. ನಿರಾಶ್ರಿತರನ್ನು ಕಡಲಿನಿಂದೆತ್ತಲು ಅಧ್ಯಕ್ಷ ಕಾರ್ಟರ್ ಕಳಿಸಿದ್ದು ಏಳನೇ ನೌಕಾಪಡೆಯನ್ನು; ವಿಯೆಟ್ನಾಮಿನ ವಿರುದ್ಧ ಹೋರಾಡಿದ್ದ ಅದೇ ಪಡೆ.